ದೀಪಕ್ಕೊಂದು ಸ್ವಿಚ್ಚು, ಫ್ಯಾನಿಗೊಂದು ಸ್ವಿಚ್ಚು

ಕಾಶಿಯಾತ್ರೆಗೆ ಬಂದವರು ಸಾರನಾಥದ ಧಮೇಖ ಸ್ತೂಪವನ್ನೂ ಅಶೋಕನ ಸಿಂಹಶೀರ್ಷವನ್ನೂ ನೋಡಿ ಸಂಜೆಗೆ ಹಿಂದಿರುಗುತ್ತಾರೆ. ವರ್ಗವಾಗಿ ಬಂದ ನಾವು ಅಲ್ಲಿಯೇ ಬಾಡಿಗೆಯ ಮನೆಯೊಂದರಲ್ಲಿ ಎರಡು ಬೇಸಿಗೆ ಕಳೆದೆವು. ಮಲಗುವ ಕೋಣೆಯಲ್ಲಿ ಫ್ಯಾನಿಗೂ ದೀಪಕ್ಕೂ ಇದ್ದುದು ಒಂದೇ ಸ್ವಿಚ್ಚು. ದೀಪ ಆರಿಸಿದರೆ ಫ್ಯಾನೂ ನಿಲ್ಲುತ್ತಿತ್ತು. ಮೇ ತಿಂಗಳ 'ಲೂ' ಬೀಸುವ ದಿನಗಳವು. ಜ್ವರದಲ್ಲಿದ್ದ ನಮ್ಮ ತಾಯಿಯವರು ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಉರಿಯುವ ದೀಪದ ಕೆಳಗೇ ರಾತ್ರಿಗಳನ್ನು ಕಳೆದರು.

ಈ ಜೋಡಿಯ ಚರಿತ್ರೆ ಹಳೆಯದು. 1880ರ ದಶಕದಲ್ಲಿ ಅಮೆರಿಕದ ಫಿಲಿಪ್ ಡೀಲ್ ಎಂಬವರು ಹೊಲಿಗೆ ಯಂತ್ರಕ್ಕೆಂದು ರೂಪಿಸಿದ್ದ ಮೋಟಾರನ್ನು ಚಾವಣಿಗೆ ತೂಗುಹಾಕಿ ಫ್ಯಾನು ಮಾಡಿದರು. ಮುಂದೆ ಅದರಡಿಯಲ್ಲಿ ದೀಪವನ್ನೂ ಸೇರಿಸಿದರು. ನಮ್ಮ ನಾಡಿನಲ್ಲಿ ದೊಡ್ಡವರ ಮನೆಗಳಲ್ಲಿ ಹಗ್ಗ ಎಳೆದು ಪಂಖ ಬೀಸುತ್ತಿದ್ದ ಆಳುಗಳ ಕೆಲಸವನ್ನು ಕ್ರಮೇಣ ಈ ಯಂತ್ರವೇ ವಹಿಸಿಕೊಂಡಿತು.

ವಿದ್ಯುತ್ತಿನ ವಿಷಯದಲ್ಲಿ ಕನ್ನಡಿಗರಿಗೂ ಕಾಶಿಗೂ ನಂಟುಂಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆಗ ಮೈಸೂರನ್ನು ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರೇ 1916ರಲ್ಲಿ ಸ್ಥಾಪನೆಯಾದ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಮೊದಲ ಕುಲಾಧಿಪತಿಗಳು. ಅಲ್ಲಿ 1919ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು.

ಇನ್ನು ಒಂದೇ ಸ್ವಿಚ್ಚಿಗೆ ಕಾರಣವೇನು? ತಂತಿಯ ಉಳಿತಾಯ, ಅಷ್ಟೆ. ಸ್ವಿಚ್ಚಿನಿಂದ ಚಾವಣಿಗೆ ಒಂದೇ ಫೇಸ್ ತಂತಿ ಎಳೆದು, ಅಲ್ಲಿಂದಲೇ ಎರಡಕ್ಕೂ ಕವಲು ಕೊಟ್ಟಿರುತ್ತಾರೆ. ಬೇರ್ಪಡಿಸಲು ಬೇಕಾದುದು ಇನ್ನೊಂದು ಸ್ವಿಚ್ಚು, ಇನ್ನೊಂದು ಫೇಸ್ ತಂತಿ. ನ್ಯೂಟ್ರಲ್ ಎರಡಕ್ಕೂ ಒಂದೇ ಸಾಕು. ರೆಗ್ಯುಲೇಟರು ಫ್ಯಾನಿನ ದಾರಿಯಲ್ಲಿ ಮಾತ್ರ ಇರಬೇಕು. ದೀಪವೂ ಅದರ ಮೂಲಕ ಹೋದರೆ ಫ್ಯಾನು ನಿಧಾನವಾದಂತೆಲ್ಲ ಬಲ್ಬು ಮಂಕಾಗುತ್ತದೆ, ಟ್ಯೂಬ್‌ಲೈಟು ಹೊತ್ತಿಕೊಳ್ಳುವುದೇ ಇಲ್ಲ. ಹಳೆಯ ಸುರುಳಿ ರೆಗ್ಯುಲೇಟರು ಒಂದಷ್ಟು ವಿದ್ಯುತ್ತನ್ನು ಶಾಖವಾಗಿ ಕಳೆಯುತ್ತಿತ್ತು. ಎಲೆಕ್ಟ್ರಾನಿಕ್ ರೆಗ್ಯುಲೇಟರು ಬಂದ ಮೇಲೆ ಆ ನಷ್ಟ ತಗ್ಗಿತು.

ಬಿ.ಎಸ್ಸಿ. ಓದಿದವರೆಂದು ನಾವೇ ಕೈಹಾಕಲಿಲ್ಲ. ಗೋಡೆ ಒಡೆಯಕೂಡದೆಂದು ಮನೆಯ ಯಜಮಾನರು ಹಟ ಹಿಡಿದರು. ಪರವಾನಗಿಯುಳ್ಳ ವೈರ್‌ಮನ್ ಒಬ್ಬರು ಮೈನ್ ಆರಿಸಿ, ಗೋಡೆಯ ಮೇಲಿನ ಮರದ ಪಟ್ಟಿಯೊಳಗೇ ಹೊಸ ತಂತಿ ಎಳೆದರು. ಅರ್ಧ ದಿನದ ಕೆಲಸ. ಆ ರಾತ್ರಿ ತಾಯಿಯವರು ಕತ್ತಲೆಯಲ್ಲಿ, ಫ್ಯಾನಿನ ಗಾಳಿಯಲ್ಲಿ ಬೆಳಗಿನವರೆಗೂ ನಿದ್ರಿಸಿದರು.

ಪರವೂರಿನಲ್ಲಿ ಮನೆ ಹುಡುಕುವಾಗ ಬಾಡಿಗೆ, ನೀರು ವಿಚಾರಿಸುತ್ತೇವೆ. ಸ್ವಿಚ್ಚುಗಳನ್ನೂ ಒಮ್ಮೆ ಒತ್ತಿ ನೋಡುವುದು ಲೇಸು.