ಇಮೇಲ್‌ನಲ್ಲಿ ವಿಶೇಷಾಕ್ಷರಗಳು

ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳಲ್ಲಿ ರೋಮನ್ ಅಕ್ಷರಕ್ಕೆ ಗೆರೆ, ಚುಕ್ಕಿ, ಕೊಕ್ಕೆಗಳು ಸೇರಿ ಉಂಟಾಗುವ ಚಿಹ್ನಾಯುಕ್ತ ಅಕ್ಷರಗಳನ್ನೂ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲಿ ಇಲ್ಲದ ಇತರ ಸಂಕೇತಗಳನ್ನೂ ಇಮೇಲ್ ಸಂದೇಶದಲ್ಲಿ ಮೂಡಿಸಿ, ಅವು ಕೆಡದಂತೆ ತಲುಪಿಸುವ ವಿಧಾನ. ವಿಂಡೋಸ್‌ನಲ್ಲಿ ಆಲ್ಟ್ ಕೀಲಿಯನ್ನು ಹಿಡಿದುಕೊಂಡು ಬಲಬದಿಯ ಅಂಕಿಕೀಲಿಗಳಲ್ಲಿ 0233 ಎಂದು ಒತ್ತಿದರೆ ಮೇಲೆ ಓರೆಗೆರೆಯುಳ್ಳ ರೋಮನ್ ‘ಇ’ ಮೂಡುತ್ತದೆ. ಮೊಬೈಲ್‌ನಲ್ಲಿ ಅಕ್ಷರವನ್ನು ಒತ್ತಿ ಹಿಡಿದರೆ ಅದರ ರೂಪಭೇದಗಳು ತೋರುತ್ತವೆ.

ಟೈಪಿಸುವುದಕ್ಕಿಂತ ಸಾಗಿಸುವುದೇ ಕಠಿಣ ಸಮಸ್ಯೆಯಾಗಿತ್ತು. 1982ರ ಅಂಚೆ ನಿಯಮಗಳು ಏಳು ಬಿಟ್‌ಗಳ, ಎಂದರೆ ಕೇವಲ 128 ಸ್ಥಾನಗಳ ಆಸ್ಕಿ ಸಂಕೇತಪಟ್ಟಿಯನ್ನು ಮಾತ್ರ ಒಪ್ಪುತ್ತಿದ್ದುದರಿಂದ ಇಂಗ್ಲಿಷೇತರ ಬರಹಗಳು ದಾರಿಯಲ್ಲೇ ವಿರೂಪಗೊಳ್ಳುತ್ತಿದ್ದವು. 1992ರಲ್ಲಿ ಪ್ರಕಟವಾದ ಮೈಮ್ ಎಂಬ ನಿಯಮಾವಳಿಯು ಸಂದೇಶದ ಶಿರೋಭಾಗದಲ್ಲಿ ಅಕ್ಷರಸಂಕೇತದ ಹೆಸರನ್ನು ನಮೂದಿಸಿ, ಎಂಟು ಬಿಟ್‌ಗಳ ಪಠ್ಯವನ್ನು ಆಸ್ಕಿ ಚಿಹ್ನೆಗಳಾಗಿ ಮಾರ್ಪಡಿಸಿ ಕಳುಹಿಸುವ ಕ್ರಮವನ್ನು ರೂಪಿಸಿತು. ವಿಳಾಸದಲ್ಲಿಯೇ ಇಂತಹ ಅಕ್ಷರಗಳನ್ನು ಬಳಸಲು ಅವಕಾಶವೀಯುವ ಮಾನಕಗಳು 2012ರಲ್ಲಿ ಹೊರಬಂದವು.

ಈ ಸಮಸ್ಯೆಗೆ ಕನ್ನಡಿಗರೂ ಹೊರತಾಗಿರಲಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಕನ್ನಡದ ಅಕ್ಷರಭಾಗಗಳನ್ನು ಯುರೋಪಿನ ಚಿಹ್ನಾಯುಕ್ತ ಅಕ್ಷರಗಳ ಸ್ಥಾನದಲ್ಲೇ ಕೂರಿಸಿದ್ದರಿಂದ, ಆ ಫಾಂಟ್ ಇಲ್ಲದ ಗಣಕದಲ್ಲಿ ಕನ್ನಡದ ಪತ್ರವು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತಿತ್ತು. ಪತ್ರ ತಲುಪಿಯೂ ಓದಲಾಗದ ಈ ಸ್ಥಿತಿ ಭಾಷೆಯ ಬಳಕೆಗೆ ನಿಜವಾದ ತೊಡಕಾಗಿತ್ತು. ಪ್ರತಿ ಲಿಪಿಗೂ ಪ್ರತ್ಯೇಕ ಸ್ಥಾನ ನೀಡಿ ಈ ತೊಡಕನ್ನು ನಿವಾರಿಸುವ ಯೂನಿಕೋಡ್ ಸಂಕೇತಪಟ್ಟಿಯಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೂ ಇದೆ. ಇದರ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವು ಮೂರು ಬೈಟ್‌ಗಳನ್ನು ಬಳಸುತ್ತದೆಯಾದರೂ, ಇಮೇಲ್‌ನಲ್ಲಿ ಕನ್ನಡ ಬರೆಯುವವರಿಗೆ ಇದೇ ಅತ್ಯಂತ ಭದ್ರವಾದ ಆಯ್ಕೆ.