ನೆರೆ ನಿವೇಶನಕ್ಕೆ ಹಬ್ಬುವ ಹುಲ್ಲುಹಾಸು: ನಿಯಂತ್ರಣ ಕ್ರಮಗಳು ಹಾಗೂ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ನಗರ ಹಾಗೂ ಪಟ್ಟಣ ಪ್ರದೇಶಗಳ ಮನೆಯಂಗಳಗಳಲ್ಲಿ ಹುಲ್ಲುಹಾಸು ಬೆಳೆಸುವ ಪದ್ಧತಿ ವ್ಯಾಪಕವಾಗಿದೆ. ಹುಲ್ಲುಹಾಸು ಮಣ್ಣಿನ ಸವಕಳಿಯನ್ನು ತಡೆಯುತ್ತದೆ, ಧೂಳನ್ನು ಅಡಗಿಸುತ್ತದೆ ಹಾಗೂ ಅಂಗಳವನ್ನು ತಂಪಾಗಿರಿಸುತ್ತದೆ. ಆದರೆ ಅದೇ ಹುಲ್ಲು ಹದ್ದನ್ನು ದಾಟಿ ನೆರೆಯವರ ತರಕಾರಿ ಮಡಿ, ಹೂವಿನ ಪಾತಿ ಅಥವಾ ಕಲ್ಲುಹಾಸಿನ ಸಂದುಗಳಿಗೆ ಹಬ್ಬಿದಾಗ ಅದು ಕಳೆಯಾಗಿ ಪರಿಣಮಿಸುತ್ತದೆ. ಪೂಜೆಗೆ ಬೇಕಾದ ಗರಿಕೆಯೇ ಪಕ್ಕದ ಮನೆಯ ಸೊಪ್ಪಿನ ಮಡಿಯಲ್ಲಿ ಕಿತ್ತಷ್ಟೂ ಮುಗಿಯದ ಕಳೆಯಾಗುವುದು ಇದಕ್ಕೆ ಉತ್ತಮ ನಿದರ್ಶನ.

ಈ ವಿಷಯವು ಮೇಲ್ನೋಟಕ್ಕೆ ಅಲ್ಪವೆಂದು ತೋರಿದರೂ, ನೆರೆಹೊರೆಯವರ ನಡುವೆ ಮನಸ್ತಾಪ, ವಿವೇಚನೆಯಿಲ್ಲದ ವಿಷ ಸಿಂಪಡಣೆ ಹಾಗೂ ಕೆಲವೊಮ್ಮೆ ದೀರ್ಘಕಾಲದ ವ್ಯಾಜ್ಯಕ್ಕೆ ಎಡೆಮಾಡಿಕೊಡಬಲ್ಲದು. ಆದ್ದರಿಂದ ಹುಲ್ಲು ಹಬ್ಬುವ ಬಗೆ, ತಡೆಯುವ ಕ್ರಮಗಳು ಹಾಗೂ ಅರ್ಜಿ ಸಲ್ಲಿಸಬೇಕಾದ ಕಚೇರಿಗಳ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

2. ಹುಲ್ಲು ಹಬ್ಬುವ ಬಗೆ

ಹುಲ್ಲುಹಾಸಿನ ಹುಲ್ಲುಗಳು ಮುಖ್ಯವಾಗಿ ನಾಲ್ಕು ವಿಧಗಳಲ್ಲಿ ಹರಡುತ್ತವೆ.

ಅ) ಹಬ್ಬುಕಾಂಡ: ಇದು ನೆಲದ ಮೇಲೆ ಬಳ್ಳಿಯಂತೆ ಹರಿಯುವ ಕಾಂಡ. ಇದರ ಪ್ರತಿಯೊಂದು ಗಿಣ್ಣೂ ತೇವವುಳ್ಳ ಮಣ್ಣಿಗೆ ತಾಗಿದಾಗ ಬೇರು ಬಿಟ್ಟು ಹೊಸ ಗಿಡವಾಗಬಲ್ಲದು. ಗೇಟಿನ ಅಡಿ, ತಂತಿ ಬೇಲಿ, ಕಾಂಪೌಂಡಿನ ನೀರುಗಂಡಿಗಳ ಮೂಲಕ ಹುಲ್ಲು ದಾಟುವುದು ಸಾಮಾನ್ಯವಾಗಿ ಈ ವಿಧದಲ್ಲಿ.

ಆ) ಗುಪ್ತಕಾಂಡ: ಇದು ನೆಲದೊಳಗೆ ಸಾಗುವ ಕಾಂಡ. ಗರಿಕೆಯ ಗುಪ್ತಕಾಂಡಗಳ ಬಹುಭಾಗ ಮಣ್ಣಿನ ಮೇಲಿನ ಸುಮಾರು 15 ಸೆಂ.ಮೀ. ಪದರದಲ್ಲಿರುತ್ತದೆ, ಸಡಿಲವಾದ ಮರಳು ಮಿಶ್ರಿತ ಮಣ್ಣಿನಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ. ಮೇಲಿನ ಹುಲ್ಲನ್ನು ಎಷ್ಟು ಬಾರಿ ಕತ್ತರಿಸಿದರೂ ಮರಳಿ ಚಿಗುರುವುದಕ್ಕೆ ಇದೇ ಕಾರಣ.

ಇ) ಬೀಜ: ಹುಲ್ಲನ್ನು ಕತ್ತರಿಸದೆ ತೆನೆ ಬಿಡಲು ಬಿಟ್ಟಲ್ಲಿ ಬೀಜಗಳು ಗಾಳಿ, ಮಳೆನೀರು ಹಾಗೂ ಪಕ್ಷಿಗಳಿಂದ ಹರಡುತ್ತವೆ.

ಈ) ತುಂಡುಗಳು: ಕತ್ತರಿಸಿದ ಅಥವಾ ಕೆತ್ತಿದ ಹುಲ್ಲಿನ ಗಿಣ್ಣುಳ್ಳ ತುಂಡುಗಳು ಗೊಬ್ಬರ, ಮಣ್ಣು, ಗುದ್ದಲಿ, ಕತ್ತರಿಸುವ ಯಂತ್ರ ಹಾಗೂ ಪಾದರಕ್ಷೆಗಳೊಂದಿಗೆ ಸಾಗಿ ಬೇರೆಡೆ ಬೇರೂರುತ್ತವೆ. ಹೊರಗಿನಿಂದ ತರಿಸಿದ ಕೆಂಪು ಮಣ್ಣಿನೊಂದಿಗೆ ಬಂದ ಕಳೆಯನ್ನು ನೆರೆಯವರ ಅಂಗಳದಿಂದ ಬಂದುದೆಂದು ತಪ್ಪಾಗಿ ಭಾವಿಸುವ ಸಂಭವವೂ ಇರುತ್ತದೆ.

3. ಸಾಮಾನ್ಯವಾಗಿ ಕಂಡುಬರುವ ಹುಲ್ಲುಗಳು

ಹುಲ್ಲಿನ ಜಾತಿಯನ್ನು ಗುರುತಿಸದೆ ಕ್ರಮ ಕೈಗೊಂಡಲ್ಲಿ ಶ್ರಮ ಹಾಗೂ ಹಣ ವ್ಯರ್ಥವಾಗುತ್ತದೆ.

ಗರಿಕೆ (ಬರ್ಮುಡಾ ಹುಲ್ಲು): ಸಸ್ಯಶಾಸ್ತ್ರೀಯ ಹೆಸರು ಸೈನೋಡಾನ್ ಡ್ಯಾಕ್ಟಿಲಾನ್. ಹಬ್ಬುಕಾಂಡ ಹಾಗೂ ಗುಪ್ತಕಾಂಡ ಎರಡನ್ನೂ ಹೊಂದಿರುತ್ತದೆ, ಬೀಜದಿಂದಲೂ ಹರಡುತ್ತದೆ. ಬಿಸಿಲು ಹಾಗೂ ನೀರಿನ ಕೊರತೆಯನ್ನು ಸಹಿಸಬಲ್ಲದು, ನೆರಳನ್ನು ಸಹಿಸದು. ಹುಲ್ಲುಹಾಸಿಗೆ ಬಳಸುವ ಕೆಲವು ಮಿಶ್ರತಳಿಗಳು ಬೀಜ ಕಟ್ಟುವುದಿಲ್ಲವಾದರೂ ಕಾಂಡದಿಂದ ಅಷ್ಟೇ ವೇಗವಾಗಿ ಹಬ್ಬುತ್ತವೆ.

ಅಗಲ ಎಲೆಯ ಕಾರ್ಪೆಟ್ ಹುಲ್ಲು ಹಾಗೂ ಸೇಂಟ್ ಅಗಸ್ಟೀನ್ ಹುಲ್ಲು: ನೆರಳಿನಲ್ಲಿಯೂ ಬೆಳೆಯುತ್ತವೆ. ಮುಖ್ಯವಾಗಿ ಹಬ್ಬುಕಾಂಡದಿಂದ ಹರಡುವ ಕಾರಣ ಅಂಚನ್ನು ಕತ್ತರಿಸುತ್ತಿದ್ದಲ್ಲಿ ಹತೋಟಿಯಲ್ಲಿಡುವುದು ಸುಲಭ. ಕಾರ್ಪೆಟ್ ಹುಲ್ಲು ಬೀಜದಿಂದಲೂ ಹರಡುವುದರಿಂದ ತೆನೆ ಬಿಡಲು ಆಸ್ಪದ ನೀಡಬಾರದು.

ಮೆಕ್ಸಿಕನ್ ಅಥವಾ ಕೊರಿಯನ್ ಹುಲ್ಲು: ಜೋಯ್ಸಿಯಾ ಕುಲಕ್ಕೆ ಸೇರಿದ ನವಿರಾದ ಹುಲ್ಲು. ಎರಡೂ ಬಗೆಯ ಕಾಂಡಗಳಿದ್ದರೂ ಬೆಳವಣಿಗೆ ನಿಧಾನ. ಹದ್ದಿನ ಸಮೀಪ ಹುಲ್ಲುಹಾಸು ಬೇಕೆನ್ನುವವರಿಗೆ ಗರಿಕೆಗಿಂತ ಇದು ಸೂಕ್ತ.

ಕೊನ್ನಾರಿ ಗೆಡ್ಡೆ (ಭದ್ರಮುಷ್ಟಿ): ಇದು ನಿಜವಾದ ಹುಲ್ಲಲ್ಲ, ಜೇಕು ಜಾತಿಯ ಕಳೆ. ಕಾಂಡವು ಮೂರು ಮೂಲೆಯುಳ್ಳದ್ದಾಗಿದ್ದು, ನೆಲದೊಳಗೆ ಗೆಡ್ಡೆಗಳು ಸರಪಳಿಯಂತೆ ಬೆಳೆಯುತ್ತವೆ. ಮೇಲ್ಭಾಗವನ್ನು ಕಿತ್ತಾಗ ಗೆಡ್ಡೆ ನೆಲದಲ್ಲಿಯೇ ಉಳಿದು ಮತ್ತೆ ಚಿಗುರುತ್ತದೆ. ಹಾಸಿದ ತೆಳು ಪ್ಲಾಸ್ಟಿಕ್ ಹಾಳೆಯನ್ನೂ ಇದರ ಮೊಳಕೆ ತೂರಿ ಬರಬಲ್ಲದು.

4. ಮುಂಜಾಗ್ರತಾ ಕ್ರಮಗಳು

ಹುಲ್ಲುಹಾಸು ಬೆಳೆಸುವವರು ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

* ಹದ್ದಿನಿಂದ ಕನಿಷ್ಠ ಒಂದು ಅಡಿ ಅಗಲದ ಪಟ್ಟಿಯನ್ನು ಹುಲ್ಲಿಲ್ಲದಂತೆ ಬಿಡುವುದು. ಈ ಪಟ್ಟಿಯಲ್ಲಿ ಜಲ್ಲಿ, ಕಲ್ಲುಚಪ್ಪಡಿ ಅಥವಾ ನಡೆದಾಡುವ ದಾರಿಯನ್ನು ಮಾಡಬಹುದು. ಹದ್ದು ದಾಟುವ ಕಾಂಡ ಕಣ್ಣಿಗೆ ಬೀಳುವುದು ಈ ಪಟ್ಟಿಯಿಂದಲೇ.

* ಹುಲ್ಲುಹಾಸಿನ ಅಂಚಿನಲ್ಲಿ ಸುಮಾರು 30 ಸೆಂ.ಮೀ. ಆಳದ ಕಿರುಗಾಲುವೆ ತೋಡಿ, ಕಲ್ಲು, ಕಾಂಕ್ರೀಟು ಅಥವಾ ದಪ್ಪನೆಯ ಪ್ಲಾಸ್ಟಿಕ್ ಹಾಳೆಯ ತಡೆಯನ್ನು ನಿಲ್ಲಿಸುವುದು. ತಡೆಯ ಮೇಲಂಚು ನೆಲಮಟ್ಟದಿಂದ 5 ಸೆಂ.ಮೀ. ಮೇಲಿರತಕ್ಕದ್ದು. ಸಂದು ಬಿಟ್ಟು ಜೋಡಿಸಿದ ಇಟ್ಟಿಗೆ ಸಾಲು ಪ್ರಯೋಜನಕ್ಕೆ ಬಾರದು. ಗುಪ್ತಕಾಂಡ ಸಂದಿನಲ್ಲಿಯೇ ನುಸುಳುತ್ತದೆ.

* ಅಂಚಿನ ಹುಲ್ಲನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ಹದಿನೈದು ದಿನಗಳಿಗೊಮ್ಮೆ ಕತ್ತರಿಸುವುದು.

* ಕಾಂಪೌಂಡಿನ ನೀರುಗಂಡಿಗಳನ್ನು ಮುಚ್ಚದೆ ಜಾಲರಿ ಅಳವಡಿಸಿ ಆಗಾಗ್ಗೆ ಶುಚಿಗೊಳಿಸುವುದು. ಗಂಡಿಗಳನ್ನು ಮುಚ್ಚಿದಲ್ಲಿ ಮಳೆನೀರು ನಿಂತು ಗೋಡೆಗೆ ಧಕ್ಕೆಯಾಗುವ ಸಂಭವವಿರುತ್ತದೆ.

* ಕತ್ತರಿಸಿದ ಹುಲ್ಲನ್ನು ನೆರೆಯವರ ಜಾಗ, ಖಾಲಿ ನಿವೇಶನ ಅಥವಾ ಚರಂಡಿಗೆ ಎಸೆಯಬಾರದು, ಸುಡಲೂಬಾರದು. ಪ್ರತ್ಯೇಕವಾಗಿ ಸಂಗ್ರಹಿಸಿ ಸ್ಥಳೀಯ ಸಂಸ್ಥೆಯ ಸೂಚನೆಯಂತೆ ವಿಲೇವಾರಿ ಮಾಡತಕ್ಕದ್ದು. ಕಾಂಡಗಳನ್ನು ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿದ ನಂತರವೇ ಗೊಬ್ಬರದ ಗುಂಡಿಗೆ ಹಾಕುವುದು.

ತಡೆ ನಿರ್ಮಿಸುವ ವೆಚ್ಚವು ಬಹುಮಟ್ಟಿಗೆ ಒಂದು ಬಾರಿಯ ವೆಚ್ಚ. ಉಭಯ ನಿವೇಶನಗಳಿಗೂ ಅದರಿಂದ ಅನುಕೂಲವಾಗುವ ಕಾರಣ, ವೆಚ್ಚವನ್ನು ಸಮನಾಗಿ ಹಂಚಿಕೊಳ್ಳಲು ನೆರೆಹೊರೆಯವರು ಒಪ್ಪಿಕೊಳ್ಳಬಹುದು. ಅಂತಹ ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆದು, ತಡೆಯು ಯಾರ ಜಾಗದಲ್ಲಿದೆ ಹಾಗೂ ದುರಸ್ತಿ ಯಾರ ಹೊಣೆ ಎಂಬುದನ್ನು ನಮೂದಿಸಿ ಉಭಯತ್ರರೂ ಸಹಿ ಮಾಡಿಟ್ಟುಕೊಳ್ಳುವುದು ಒಳಿತು. ಮನೆ ಮಾರಾಟವಾಗಿ ಹೊಸಬರು ಬಂದಾಗ ಈ ಹಾಳೆ ಉಪಯೋಗಕ್ಕೆ ಬರುತ್ತದೆ.

5. ಹುಲ್ಲು ಈಗಾಗಲೇ ಹಬ್ಬಿದ್ದಲ್ಲಿ

ಮೊದಲು ಹದ್ದಿನುದ್ದಕ್ಕೂ ಸಲಿಕೆಯಿಂದ ನೇರವಾಗಿ ಕಡಿದು, ಹಬ್ಬಿದ ಭಾಗವನ್ನು ಮೂಲ ಹುಲ್ಲುಹಾಸಿನಿಂದ ಬೇರ್ಪಡಿಸಬೇಕು. ನಂತರ ಮಣ್ಣನ್ನು ಸಡಿಲಿಸಿ ಕಾಂಡಗಳನ್ನು ಕೈಯಿಂದ ಆರಿಸಿ ತೆಗೆಯಬೇಕು. ಗುದ್ದಲಿಯಿಂದ ಕೊಚ್ಚಿ ಬಿಟ್ಟಲ್ಲಿ ಒಂದು ಕಾಂಡ ಹತ್ತು ತುಂಡಾಗಿ, ಹತ್ತು ಗಿಡಗಳಾಗುತ್ತವೆ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ಅಗೆದು, ಕಾಂಡಗಳನ್ನು ಮೇಲಕ್ಕೆ ತಂದು ಒಣಗಿಸುವುದು ಹೆಚ್ಚು ಪರಿಣಾಮಕಾರಿ.

ಜಾಗ ತೆರವಾಗಿದ್ದಲ್ಲಿ ಸೂರ್ಯತಾಪ ವಿಧಾನವನ್ನು ಅನುಸರಿಸಬಹುದು. ಬೇಸಿಗೆಯಲ್ಲಿ ಮಣ್ಣನ್ನು ಸಮಮಾಡಿ, ನೀರು ಹಾಯಿಸಿ, ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ 4ರಿಂದ 6 ವಾರ ಬಿಡಬೇಕು. ಬೀಜಗಳು ಹಾಗೂ ಮೇಲ್ಪದರದ ಕಾಂಡಗಳು ಶಾಖದಿಂದ ನಾಶವಾಗುತ್ತವೆ. ಆಳದಲ್ಲಿರುವ ಕೊನ್ನಾರಿ ಗೆಡ್ಡೆಗೆ ಈ ವಿಧಾನ ಪೂರ್ಣ ಪರಿಹಾರವಲ್ಲ. ಮೊಳಕೆ ಕಂಡಾಗಲೆಲ್ಲ ಗೆಡ್ಡೆ ಸಮೇತ ಅಗೆದು ತೆಗೆಯುವುದೇ ಮಾರ್ಗ.

ಗರಿಕೆ ನೆರಳಿನಲ್ಲಿ ಸೊರಗುವುದರಿಂದ, ಹದ್ದಿನ ಬಳಿ ದಟ್ಟವಾಗಿ ಬೆಳೆಯುವ ಪೊದೆಗಿಡಗಳ ಸಾಲನ್ನು ನೆಡುವುದೂ ಸಹಕಾರಿ.

6. ಕಳೆನಾಶಕ ಬಳಕೆಯ ಬಗ್ಗೆ ಎಚ್ಚರಿಕೆ

ಮನೆಯಂಗಳದಲ್ಲಿ ಕಳೆನಾಶಕ ಬಳಕೆಯು ಕೊನೆಯ ಉಪಾಯವಾಗಿರತಕ್ಕದ್ದು. ಗಾಳಿಯಲ್ಲಿ ತೇಲಿದ ಹನಿಗಳು ಪಕ್ಕದ ಮನೆಯ ತುಳಸಿ, ಸೊಪ್ಪು, ಗುಲಾಬಿ ಗಿಡಗಳನ್ನು ಒಣಗಿಸಬಲ್ಲವು. ಮಳೆನೀರಿನೊಂದಿಗೆ ಬಾವಿ ಹಾಗೂ ತೊಟ್ಟಿಗಳನ್ನು ಸೇರಬಲ್ಲವು. ಮಕ್ಕಳು, ಹಸು ಹಾಗೂ ಸಾಕುಪ್ರಾಣಿಗಳು ಓಡಾಡುವ ಜಾಗದಲ್ಲಿ ಅಪಾಯ ಇನ್ನೂ ಹೆಚ್ಚು.

ಗ್ಲೈಫೋಸೇಟ್‌ನಂತಹ ಅಂತರ್ವ್ಯಾಪಿ ಕಳೆನಾಶಕವು ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ಬೇರಿಗೆ ಸಾಗುತ್ತದೆ. ಹದ್ದಿನ ಎರಡೂ ಬದಿಯ ಹುಲ್ಲು ಒಂದೇ ಕಾಂಡದಿಂದ ಕೂಡಿಕೊಂಡಿದ್ದಲ್ಲಿ, ಒಂದು ಬದಿಗೆ ಸಿಂಪಡಿಸಿದ ವಿಷ ಇನ್ನೊಂದು ಬದಿಯ ಹುಲ್ಲುಹಾಸನ್ನೂ ಕೆಡಿಸಬಹುದು. ಕೇಂದ್ರ ಸರ್ಕಾರದ ಕೃಷಿ ಸಚಿವಾಲಯವು 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿತು. ಪ್ಯಾರಾಕ್ವಾಟ್ ಎಂಬ ಕಳೆನಾಶಕವು ಅಲ್ಪ ಪ್ರಮಾಣದಲ್ಲಿ ದೇಹ ಸೇರಿದರೂ ಮಾರಣಾಂತಿಕವಾಗಬಹುದು. ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಇದನ್ನು ಮನೆಯಲ್ಲಿ ಸಂಗ್ರಹಿಸಿಡಬಾರದು. ಯಾವುದೇ ಕಳೆನಾಶಕವನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಗಳಿಗೆ ವರ್ಗಾಯಿಸಬಾರದು.

ಉಪ್ಪು, ಸೀಮೆಎಣ್ಣೆ ಹಾಗೂ ಬಳಸಿದ ಎಂಜಿನ್ ಎಣ್ಣೆ ಸುರಿಯುವುದರಿಂದ ಮಣ್ಣೇ ಕೆಡುತ್ತದೆ. ಬೆಂಕಿ ಹಚ್ಚುವುದರಿಂದ ಅಪಾಯವಲ್ಲದೆ ಪ್ರಯೋಜನವಿಲ್ಲ; ಗುಪ್ತಕಾಂಡದಿಂದ ಗರಿಕೆ ಪುನಃ ಚಿಗುರುತ್ತದೆ.

7. ಹದ್ದಿನ ಬಗ್ಗೆ ಸಂದೇಹವಿದ್ದಲ್ಲಿ

ಹುಲ್ಲಿನ ತಕರಾರು ಕೆಲವೊಮ್ಮೆ ಹದ್ದಿನ ತಕರಾರೇ ಆಗಿರುತ್ತದೆ. ಹುಲ್ಲು ಬೆಳೆದಿರುವ ಜಾಗ ಯಾರದೆಂದು ಖಚಿತಪಡಿಸಿಕೊಳ್ಳದೆ ಕೀಳುವುದಾಗಲಿ, ತಡೆ ನಿರ್ಮಿಸುವುದಾಗಲಿ ಸೂಕ್ತವಲ್ಲ. ಹುಲ್ಲು ಹಬ್ಬಿದ ಮಾತ್ರಕ್ಕೆ ಹದ್ದು ಬದಲಾಗುವುದಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಸರ್ವೆ ನಂಬರಿನ ಜಮೀನುಗಳ ಸಂಬಂಧ ಭೂಮಾಪನ ಇಲಾಖೆಗೆ ಹದ್ದುಬಸ್ತು ಕೋರಿ ನಿಗದಿತ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡಾವಣೆಯ ನಿವೇಶನಗಳಲ್ಲಿ ಅನುಮೋದಿತ ನಕ್ಷೆ, ಕ್ರಯಪತ್ರದ ಚೆಕ್ಕುಬಂದಿ ಹಾಗೂ ಖಾತೆಯಲ್ಲಿನ ಅಳತೆಗಳನ್ನು ತಾಳೆ ನೋಡಬೇಕು. ನಗರ ಮಾಪನ ನಡೆದಿರುವ ಪಟ್ಟಣಗಳಲ್ಲಿ ನಗರ ಮಾಪನ ಕಚೇರಿಯನ್ನು ಸಂಪರ್ಕಿಸಬಹುದು.

8. ಕಾನೂನಿನ ಸ್ಥಿತಿ

ನೆರೆಯವರಿಂದ ತನ್ನ ಜಾಗಕ್ಕೆ ಹಬ್ಬಿದ ಹುಲ್ಲನ್ನು ತನ್ನ ಹದ್ದಿನೊಳಗೆ ನಿಂತು ತೆಗೆಯಲು ಸ್ವತ್ತಿನ ಮಾಲೀಕರಿಗೆ ಅಡ್ಡಿಯಿಲ್ಲ. ಆದರೆ ಅನುಮತಿಯಿಲ್ಲದೆ ನೆರೆಯವರ ಜಾಗ ಪ್ರವೇಶಿಸುವುದು ಅತಿಕ್ರಮ ಪ್ರವೇಶವಾಗುತ್ತದೆ. ಸಿಂಪಡಿಸಿದ ವಿಷದಿಂದ ನೆರೆಯವರ ಗಿಡಗಳಿಗೆ ಹಾನಿಯಾದಲ್ಲಿ ಸಿಂಪಡಿಸಿದವರು ಪರಿಹಾರಕ್ಕೆ ಹೊಣೆಗಾರರಾಗಬಹುದು.

ಹುಲ್ಲು ಹಬ್ಬುವುದು ಸಾಮಾನ್ಯವಾಗಿ ಖಾಸಗಿ ಸ್ವರೂಪದ ಉಪದ್ರವ. ಗಣನೀಯ ಹಾನಿಯನ್ನು ಸಾಬೀತುಪಡಿಸಿದಲ್ಲಿ ಮಾತ್ರ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಅಥವಾ ನಿರ್ಬಂಧಕಾಜ್ಞೆ ದೊರೆಯಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2023ರ 152ನೇ ಪ್ರಕರಣವು ಸಾರ್ವಜನಿಕ ಉಪದ್ರವಕ್ಕೆ ಸಂಬಂಧಿಸಿದ್ದು, ಎರಡು ಮನೆಗಳ ನಡುವಿನ ಹುಲ್ಲಿನ ತಕರಾರಿಗೆ ಸಾಮಾನ್ಯವಾಗಿ ಅನ್ವಯವಾಗದು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976 ಮರಗಳಿಗೆ ಸಂಬಂಧಿಸಿದ್ದಾಗಿದ್ದು, ಹುಲ್ಲು ತೆಗೆಯಲು ಅದರಡಿ ಅನುಮತಿ ಬೇಕಿಲ್ಲ.

ದಾವೆ ಹೂಡುವ ಮುನ್ನ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಿ, ಲೋಕ ಅದಾಲತ್ತಿನಲ್ಲಿ ವ್ಯಾಜ್ಯಪೂರ್ವ ರಾಜಿಗೆ ಕೋರಬಹುದು. ಇದಕ್ಕೆ ನ್ಯಾಯಾಲಯ ಶುಲ್ಕವಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1987ರ ಅನ್ವಯ ಲೋಕ ಅದಾಲತ್ತಿನ ಐತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನವಾಗಿದ್ದು, ಅದರ ವಿರುದ್ಧ ಅಪೀಲು ಇರುವುದಿಲ್ಲ. ಆದ್ದರಿಂದ ರಾಜಿಯ ಷರತ್ತುಗಳನ್ನು ಓದಿ ಅರ್ಥಮಾಡಿಕೊಂಡ ನಂತರವೇ ಸಹಿ ಮಾಡತಕ್ಕದ್ದು.

9. ಯಾವ ವಿಷಯಕ್ಕೆ ಯಾರನ್ನು ಸಂಪರ್ಕಿಸಬೇಕು

* ಹುಲ್ಲಿನ ಜಾತಿ ಗುರುತಿಸುವಿಕೆ ಹಾಗೂ ತಾಂತ್ರಿಕ ಸಲಹೆ: ತಾಲ್ಲೂಕಿನ ತೋಟಗಾರಿಕೆ ಕಚೇರಿ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ. ಬೇರು, ಕಾಂಡ ಹಾಗೂ ಸಾಧ್ಯವಾದಲ್ಲಿ ತೆನೆ ಸಮೇತ ಮಾದರಿಯನ್ನು ಕಾಗದದಲ್ಲಿ ಸುತ್ತಿ ತರುವುದು.

* ದೂರವಾಣಿ ಮೂಲಕ ಸಲಹೆ: ಕಿಸಾನ್ ಕಾಲ್ ಸೆಂಟರ್, 1800-180-1551.

* ಖಾಲಿ ನಿವೇಶನದಲ್ಲಿ ಬೆಳೆದ ಪೊದೆ, ಕಳೆ: ಸಂಬಂಧಪಟ್ಟ ನಗರ ಸ್ಥಳೀಯ ಸಂಸ್ಥೆ ಅಥವಾ ಗ್ರಾಮ ಪಂಚಾಯಿತಿ. ಬೆಂಗಳೂರಿನಲ್ಲಿ 2025ರಲ್ಲಿ ರಚನೆಯಾದ ಐದು ನಗರ ಪಾಲಿಕೆಗಳ ಪೈಕಿ ಆಯಾ ವ್ಯಾಪ್ತಿಯ ಪಾಲಿಕೆ.

* ಉಚಿತ ಕಾನೂನು ನೆರವು: ಸಹಾಯವಾಣಿ 15100.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೆರೆಯವರ ಹುಲ್ಲುಹಾಸನ್ನು ತೆಗೆಸುವಂತೆ ತೋಟಗಾರಿಕೆ ಕಚೇರಿಯು ಆದೇಶಿಸಬಹುದೇ?
ಉತ್ತರ: ಇಲ್ಲ. ಕಚೇರಿಯ ಪಾತ್ರ ತಾಂತ್ರಿಕ ಸಲಹೆಗೆ ಸೀಮಿತ. ಖಾಸಗಿ ತಕರಾರನ್ನು ಇತ್ಯರ್ಥಪಡಿಸುವ ಅಧಿಕಾರ ಅದಕ್ಕಿಲ್ಲ.

ಪ್ರಶ್ನೆ: ಕಾಂಪೌಂಡ್ ಗೋಡೆ ಇದ್ದರೂ ಹುಲ್ಲು ಬರುವುದೇಕೆ?
ಉತ್ತರ: ಗೋಡೆಯ ಬಿರುಕು, ನೀರುಗಂಡಿ ಅಥವಾ ತಳಪಾಯದ ಸಡಿಲ ಸಂದುಗಳ ಮೂಲಕ ಕಾಂಡ ನುಸುಳಬಹುದು. ಬೀಜ ಹಾಗೂ ಹೊರಗಿನ ಮಣ್ಣಿನಿಂದ ಬಂದಿರುವ ಸಾಧ್ಯತೆಯನ್ನೂ ಪರಿಶೀಲಿಸುವುದು. ಕಾಂಡವನ್ನು ಎಳೆದಾಗ ಅದು ಗೋಡೆಯತ್ತ ಮುಂದುವರಿದಿದೆಯೇ ಎಂದು ನೋಡಿದಲ್ಲಿ ಮೂಲ ತಿಳಿಯುತ್ತದೆ.

ಪ್ರಶ್ನೆ: ಒಂದು ಬಾರಿ ತೆಗೆದರೆ ಸಾಕೇ?
ಉತ್ತರ: ಸಾಲದು. ಉಳಿದ ತುಂಡುಗಳು ಚಿಗುರುವ ಕಾರಣ ಕನಿಷ್ಠ ಒಂದು ಮಳೆಗಾಲ ಪೂರ್ತಿ ನಿಗಾ ವಹಿಸಬೇಕು.

ಪ್ರಶ್ನೆ: ದೂರಿನೊಂದಿಗೆ ಯಾವ ದಾಖಲೆಗಳಿರಬೇಕು?
ಉತ್ತರ: ಸ್ವತ್ತಿನ ದಾಖಲೆಯ ಪ್ರತಿ, ಸ್ಥಳದ ಕೈನಕ್ಷೆ, ದಿನಾಂಕ ನಮೂದಿಸಿದ ಛಾಯಾಚಿತ್ರಗಳು ಹಾಗೂ ನೆರೆಯವರಿಗೆ ಈ ಹಿಂದೆ ಪತ್ರ ಬರೆದಿದ್ದಲ್ಲಿ ಅದರ ಪ್ರತಿ.

ಸೂಚನೆ: ಮೇಲ್ಕಂಡ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದ್ದು, ಇದು ಕಾನೂನು ಸಲಹೆಗೆ ಬದಲಿಯಲ್ಲ. ಶುಲ್ಕ ಹಾಗೂ ನಮೂನೆಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಅರ್ಜಿ ಸಲ್ಲಿಸುವ ಮುನ್ನ ನೆರೆಯವರೊಂದಿಗೆ ಒಮ್ಮೆ ಮುಖತಃ ಮಾತನಾಡಿ, ಉಭಯತ್ರರೂ ಕೂಡಿ ಹದ್ದನ್ನು ಪರಿಶೀಲಿಸಲು ನಾಗರಿಕರಲ್ಲಿ ಕೋರಲಾಗಿದೆ.