ನೆಲಕ್ಕಿಳಿದ ನೆಲ್ಲಿ

ಹೊಸಪೇಟೆ, ಕಂಪ್ಲಿಯ ಕಾಲುವೆ ಬಯಲಿನಲ್ಲಿ ಮಳೆ ಬಿದ್ದರೆ ಸಾಕು, ಬಾಳೆತೋಟದ ಬದುಗಳ ಮೇಲೆ ಗೇಣುದ್ದದ ಕಳೆಯೊಂದು ಏಳುತ್ತದೆ. ಕಡ್ಡಿ ಮುರಿದು ಮಗುಚಿ ನೋಡಿ: ಎಲೆಸಾಲಿನಡಿ ಸಾಸಿವೆಗಾತ್ರದ ಹಸಿರು ಕಾಯಿಗಳು ಪೋಣಿಸಿಟ್ಟಂತಿವೆ. ಒಂದೊಂದೂ ಪುಟಾಣಿ ನೆಲ್ಲಿಕಾಯಿ. ಅದಕ್ಕೇ ಇದು ನೆಲನೆಲ್ಲಿ.

ಮರದ ರೂಪವನ್ನೋ ರುಚಿಯನ್ನೋ ಹೋಲುವ ಕುಳ್ಳ ಗಿಡಕ್ಕೆ 'ನೆಲ' ಸೇರಿಸುವುದು ಕನ್ನಡದ ರೂಢಿ. ನೆಲಬೇವು, ನೆಲಸಂಪಿಗೆ ಹುಟ್ಟಿದ್ದೂ ಹೀಗೆಯೇ. ಸಂಸ್ಕೃತದ ಭೂಮ್ಯಾಮಲಕಿ, ಬಳ್ಳಾರಿ ಸೀಮೆಯಲ್ಲಿ ಕಿವಿಗೆ ಬೀಳುವ ತೆಲುಗಿನ ನೇಲ ಉಸಿರಿಕ, ಎರಡರ ಕಟ್ಟೂ ಇದೇ. ತಮಿಳರಿಗೆ ಇದು ಕೀಳಾನೆಲ್ಲಿ, ಎಲೆಯ ಕೆಳಗಿನ ನೆಲ್ಲಿ. ಮಲಯಾಳದ ಕೀಳಾರ್‌ನೆಲ್ಲಿ ಕಡಲನ್ನೂ ದಾಟಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಅಚ್ಚಾದ ಮಲಬಾರಿನ ಗಿಡಮರಗಳ ಗ್ರಂಥ 'ಹೊರ್ಟಸ್ ಮಲಬಾರಿಕಸ್'ನ ಸಂಪುಟಗಳಲ್ಲಿ ಅದು 'ಕಿರ್ಗನೆಲಿ' ಆಯಿತು.

ತುಳಸಿ ಹಬ್ಬಕ್ಕೆ ಟೊಂಗೆ ತರುವ ನೆಲ್ಲಿಮರ, ಈ ಕಳೆ, ಎರಡನ್ನೂ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ 'ಫಿಲಾಂತಸ್' ಎಂಬ ಒಂದೇ ಕುಲಕ್ಕೆ ಸೇರಿಸಿದ. ಕಾಯಿ ನೋಡಿ ಹೆಸರಿಟ್ಟ ನಮ್ಮ ಹಿರಿಯರು ಆ ನೆಂಟಸ್ತನವನ್ನು ಮೊದಲೇ ಗುರುತಿಸಿದ್ದರು.

ಹೆಸರು ರೂಪ ಹೇಳುತ್ತದೆ. ಗುಣವನ್ನು ಪರೀಕ್ಷೆಯೇ ಹೇಳಬೇಕು. ಕಾಮಾಲೆಗೆ, ನಮ್ಮ ಕಡೆಯ ಮಾತಿನಲ್ಲಿ ಕಾಮಣಿಗೆ, ಇದನ್ನು ಅರೆದು ಮಜ್ಜಿಗೆಯಲ್ಲಿ ಕೊಡುವುದು ಹಳೆಯ ಮದ್ದು. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಆಸೆ ಹುಟ್ಟಿಸುವ ಫಲಿತಾಂಶ ಪ್ರಕಟಿಸಿದರು. ಕಾಮಾಲೆ ತರಬಲ್ಲ ಹೆಪಟೈಟಿಸ್-ಬಿ ವೈರಸ್ ಹೊತ್ತಿದ್ದವರಿಗೆ 30 ದಿನ ಈ ಗಿಡದ ಪುಡಿ ಕೊಟ್ಟಾಗ 37 ಮಂದಿಯಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಲಿಲ್ಲ. ಬರೀ ಹುಸಿಗುಳಿಗೆ ತೆಗೆದುಕೊಂಡ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಆದರೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಈ ಫಲ ಮರಳಿ ದೊರೆಯಲಿಲ್ಲ. ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗಿದ 2011ರ ಕಾಕ್ರೇನ್ ಪರಿಶೀಲನೆ, ನಂಬಲು ಸಾಕಾಗುವಷ್ಟು ಪುರಾವೆ ಇಲ್ಲ ಎಂದಿತು.

ಇನ್ನೊಂದು ತೊಡಕೂ ಹೆಸರಿನಲ್ಲೇ ಇದೆ. ಹಸಿರು ಕಡ್ಡಿಯದ್ದೂ ನೆಲನೆಲ್ಲಿ, ಕೆಂಪು ಕಡ್ಡಿಯದ್ದೂ ನೆಲನೆಲ್ಲಿ. ಇವು ಬೇರೆ ಬೇರೆ ಜಾತಿಗಳು. ಒಣಗಿಸಿ ಪುಡಿ ಮಾಡಿದ ಮೇಲೆ ಯಾವುದೆಂದು ಕಣ್ಣಿಗೆ ತಿಳಿಯದು.

ಈ ಹೆಸರನ್ನು ಮಕ್ಕಳಿಗೆ ಕಲಿಸಿ, ಗಿಡ ತೋರಿಸಿ. ಆದರೆ ಕಣ್ಣು ಹಳದಿಯಾದರೆ ಬದುವಿಗೆ ಹೋಗುವ ಮುನ್ನ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.